ಗಲಾನ್‌ನ ಬಾಲದ ಕೂದಲು

ಮಾರ್ಚ್ 14, ಗುರುವಾರ

ಲಕೋಟೆಗಳು ಅದಲುಬದಲಾಗಿದ್ದವೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಅದನ್ನೇ ಹೇಳಿಬಿಟ್ಟೆ.

ಎರಡು ಹೋರಿಗರುಗಳ ಬಾಲದ ಕೂದಲು ಪರೀಕ್ಷೆಗೆ ಕಳಿಸಿದ್ದೆವು. ಇವತ್ತು ಒವಿಯೆದೊದ ಪ್ರಯೋಗಾಲಯದಿಂದ ಕಾಗದ ಬಂತು. ಮೆದು ಮಾಂಸದ ಜೀನ್ ಇರುವುದು ಬಡಕಲು ಮೋರೊನಲ್ಲಿಯಂತೆ. ನಮ್ಮ ಧಣಿ ಬಲ್ಬೀನೊ ಮಾವ ತಳಿಗೆಂದು ಆರಿಸಿಟ್ಟ ಗಲಾನ್‌ನಲ್ಲಿ ಇಲ್ಲ. ನಲವತ್ತು ವರ್ಷ ಬೆನ್ನು ಸವರಿಯೇ ಹೋರಿ ಆರಿಸಿದ ಮನುಷ್ಯ, ಎರಡು ಸಲ ಓದಿ, "ನನ್ನ ಕೈಗೆ ಚರ್ಮದ ತನಕ ಗೊತ್ತು, ಒಳಗಿಂದು ಈ ಕಾಗದಕ್ಕೆ ಗೊತ್ತು. ನಾಳೆ ಗಲಾನ್ ಕಸಾಯಿಖಾನೆಗೆ," ಎಂದರು.

ಪಕ್ಕದ ಮನೆಯ ಎರ್ಮೀನಿಯಾ ನಕ್ಕಳು. "ಏನ್ ಬಲ್ಬೀನೊ, ಈಗ ಕೂದಲು ನೋಡಿ ಕಣಿ ಹೇಳ್ತಾರಾ?"

"ಹೂಂ ಕಣಮ್ಮ, ನಿನ್ನ ಗಂಡನ ತಲೇಲಿ ಒಂದಾದ್ರೂ ಇದ್ದಿದ್ರೆ ಅದನ್ನೂ ಕಳಿಸ್ತಿದ್ದೆ."

ನನಗೆ ನಗು ಬರಲಿಲ್ಲ. ಕೂದಲು ಕಿತ್ತ ದಿನ ಗಲಾನ್ ಒದ್ದು, ಹೆಸರು ಬರೆಯದ ಲಕೋಟೆಗಳೆರಡೂ ಹುಲ್ಲಿಗೆ ಬಿದ್ದಿದ್ದವು. ಆಮೇಲೆ ಯಾವುದು ಯಾರದೆಂದು ಅಂದಾಜಿನಲ್ಲಿ ಬರೆದೆ. ಶಾಲೆ ಬಿಟ್ಟ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಮಾವ ಒಬ್ಬರೇ. ಊಟದ ಹೊತ್ತಿಗೆ ಹೇಳಿದೆ.

ಮಾವ ಚಮಚ ಕೆಳಗಿಟ್ಟರು. "ಈಗ ಯಾಕೆ ಹೇಳ್ತಿದ್ದೀಯ?"

"ನಾಳೆ ಹೇಳೋಕೆ ಗಲಾನ್ ಇರಲ್ಲ, ಮಾವ."

ಬೈಯಲಿಲ್ಲ. ಕಟುಕನಿಗೆ ಫೋನ್ ಮಾಡಿ ನಾಳೆ ಬರಬೇಡವೆಂದರು. ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ಬಾಲ ತಾವೇ ಹಿಡಿದರು. "ಮೊದಲು ಹೆಸರು, ಆಮೇಲೆ ಕೂದಲು. ಬುಡ ಸಮೇತ ಕೀಳು."

'ನನ್ನ ಕೈಯೇ ಸರಿ' ಎನ್ನಲು ಅವರಿಗೆ ಒಳ್ಳೆಯ ಅವಕಾಶವಿತ್ತು. ಅನ್ನಲಿಲ್ಲ. ಇಂಥ ಒಬ್ಬ ಮೇಷ್ಟರಿದ್ದಿದ್ದರೆ ನಾನು... ಹೋಗಲಿ. ಗಲಾನ್ ಗೆಲ್ಲಲಿ ಎಂದು ನನಗಾಸೆ. ಆದರೂ ಹೆಸರುಗಳನ್ನು ಎರಡೆರಡು ಸಲ ನೋಡಿಯೇ ಲಕೋಟೆ ಅಂಟಿಸಿದೆ. ಅಷ್ಟೂ ಹೊತ್ತು ಮಾವನ ಕೈ ಗಲಾನ್‌ನ ಬೆನ್ನ ಮೇಲೆಯೇ ಇತ್ತು.