ಉಸಿರು ಬಿಗಿಹಿಡಿದು ಕೊಟ್ಟ ಅಳತೆ

ನಮ್ಮ ವಿಮಾ ಕಚೇರಿಯ ಆಡಳಿತಾಧಿಕಾರಿಗಳಿಗೆ, ಪರಿಹಾರ ವಿಭಾಗದ ಹಿರಿಯ ಗುಮಾಸ್ತೆ ಎಲ್ಲರೂ ಓದಲೆಂದೇ ಬರೆಯುತ್ತಿರುವ ಪತ್ರ.

ಮಾನ್ಯರೇ,

ತಾವು ಕಡ್ಡಾಯ ಮಾಡಿರುವ ಸಮವಸ್ತ್ರದ ಪ್ಯಾಂಟು ಈ ಕಚೇರಿಯ ಒಬ್ಬ ಹೆಂಗಸಿಗೂ ಸರಿಯಾಗಿ ಕೂರುವುದಿಲ್ಲ. ನಿಂತಾಗ ಹೇಗೋ ನಡೆಯುತ್ತದೆ. ಕುರ್ಚಿಯಲ್ಲಿ ಕೂತರೆ ಅದರ ಸೊಂಟಪಟ್ಟಿ ಹೊಟ್ಟೆಯನ್ನು ಎರಡು ಪಾಲು ಮಾಡಿ ಹಂಚುತ್ತದೆ. ನಾವೆಲ್ಲ ದಿನವಿಡೀ ಕೂತು ಕೆಲಸ ಮಾಡುವವರು ಎಂಬ ಸಂಗತಿ ತಮ್ಮ ಗಮನಕ್ಕೆ ಬಂದೇ ಇಲ್ಲವೇ? ಈ ಪ್ಯಾಂಟು ಬಿಟ್ಟು ತನ್ನ ಹಳೆಯ ಸಡಿಲ ಪ್ಯಾಂಟು ಹಾಕಿಕೊಂಡು ಬಂದಳೆಂಬ ಒಂದೇ ತಪ್ಪಿಗೆ ನಮ್ಮ ಕೌಂಟರಿನ ಹುಡುಗಿಯನ್ನು ತಾವು ನೆಲಮಾಳಿಗೆಯ ದಾಖಲೆ ಕೋಣೆಗೆ ತಳ್ಳಿದ್ದೀರಿ. ಈ ಪತ್ರ ಅವಳ ಪರವಾಗಿದೆ, ತಮ್ಮ ವಿರುದ್ಧವಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ವಿರುದ್ಧವಾಗಿದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ತಮ್ಮ ಸರದಿ.

ತಮ್ಮ ಸುತ್ತೋಲೆಯಲ್ಲಿ ‘ಘನತೆ, ಶಿಸ್ತು ಮತ್ತು ಏಕರೂಪತೆ’ ಎಂದಿತ್ತು. ಪಕ್ಕದಲ್ಲೇ ಒಂದು ಚಿತ್ರ. ಆ ಚಿತ್ರದ ಹೆಂಗಸಿಗೆ ಸೊಂಟವೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಅವಳು ಹುಟ್ಟಿದಂದಿನಿಂದ ಊಟ ಮಾಡಿದಂತೆಯೂ ಕಾಣಲಿಲ್ಲ. ಅವಳಿಗೆ ಆ ಬಟ್ಟೆ ಬಹಳ ಒಪ್ಪುತ್ತಿತ್ತು, ಇಲ್ಲವೆನ್ನುವುದಿಲ್ಲ. ನಮಗೆ ಬಂದ ಅಂಗಿಯೋ, ಕೈ ಮೇಲೆತ್ತಿದರೆ ಪ್ಯಾಂಟಿನಿಂದ ಹೊರಗೆ, ಇಳಿಸಿದರೆ ಎದೆಯ ಬಳಿ ಗುಂಡಿಗಳ ನಡುವೆ ಕಿಟಕಿ. ನಮ್ಮ ವಿಭಾಗದಲ್ಲಿ ಈಗ ಪೆನ್ನಿಗಿಂತ ಸೇಫ್ಟಿ ಪಿನ್ನಿಗೆ ಬೇಡಿಕೆ ಹೆಚ್ಚು. ಕೋಟಿನ ಬಟ್ಟೆಯೊಳಗೆ ಗಾಳಿ ಬರುವುದಿಲ್ಲ, ಒಳಗಿನ ಬೆವರು ಹೊರಗೆ ಹೋಗುವುದಿಲ್ಲ. ಗಂಡಸರ ಕೋಟಿಗೆ ಒಳಗೂ ಹೊರಗೂ ಜೇಬುಗಳು. ನಮ್ಮ ಕೋಟಿಗೆ ಜೇಬಿನ ಬಾಯಿ ಮಾತ್ರ ಇದೆ, ಅದೂ ಹೊಲಿದು ಮುಚ್ಚಿದ ಬಾಯಿ. ನಾವು ಬೀರುವಿನ ಕೀಲಿಗಳನ್ನು ಎಲ್ಲಿಡಬೇಕು ಸ್ವಾಮಿ? ಬಾಯಲ್ಲಿ ಕಚ್ಚಿಕೊಂಡು ಓಡಾಡುವುದೇ ಘನತೆಯಾದರೆ ಹಾಗೇ ಮಾಡುತ್ತೇವೆ.

ನಾವು ಅಚ್ಚುಕಟ್ಟಾದ ಉಡುಪಿಗೆ ಶತ್ರುಗಳೆಂದು ದಯವಿಟ್ಟು ತಿಳಿಯಬೇಡಿ. ಚೆಂದ ಕಾಣುವ ಆಸೆ ನಮಗೂ ಇದೆ, ನನಗಂತೂ ತುಸು ಹೆಚ್ಚೇ ಇದೆ. ಅಂಗಡಿ ಸುಟ್ಟುಹೋದವನು, ಗಂಡನನ್ನು ಕಳೆದುಕೊಂಡವಳು ನಮ್ಮ ಕೌಂಟರಿಗೆ ಬಂದು ನಿಂತಾಗ, ಎದುರಿಗಿರುವವಳನ್ನು ನೋಡಿ ‘ಇವಳಿಂದ ನನ್ನ ಕೆಲಸ ಆದೀತು’ ಎಂಬ ಧೈರ್ಯ ಬರಬೇಕು. ಒಳ್ಳೆಯ ಕೋಟು ಬೆನ್ನನ್ನು ನೆಟ್ಟಗೆ ಮಾಡುತ್ತದೆ, ಮಾತಿಗೂ ತೂಕ ಕೊಡುತ್ತದೆ. ಆದರೆ ಅಂಥದ್ದನ್ನು ಹುಡುಕಿಕೊಂಡು ಒಮ್ಮೆ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಒಂದೋ ಗೋಣಿಚೀಲ, ಇಲ್ಲವೇ ದಿಂಬಿನ ಕವರು, ನಡುವೆ ಬೇರೇನೂ ಇಲ್ಲ. ಕನ್ನಡಿ ಮುಂದೆ ನಾವು ಉಸಿರಾಡಲಾರದೆ ನಿಂತಿದ್ದರೆ ಅಂಗಡಿಯವನು, “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಮೇಡಂ” ಎನ್ನುತ್ತಾನೆ. ಯಾವ ಪ್ಯಾಂಟೂ ಇಂದಿನವರೆಗೆ ಅವನ ಮಾತು ಉಳಿಸಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಕಚೇರಿ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಇಲ್ಲಿ ಹೊಟ್ಟೆಯೇ ಇರಕೂಡದು.

ಈಗ ನನ್ನ ಸರದಿ.

ಅಳತೆ ತೆಗೆದ ದಿನ ತಮಗೆ ನೆನಪಿದೆಯೋ ಇಲ್ಲವೋ. ಒಬ್ಬಳ ಅಳತೆ ತೆಗೆದು, ಅದನ್ನೇ ಹಿಗ್ಗಿಸಿ ಕುಗ್ಗಿಸಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಹೊಲಿಯುವುದು ಗುತ್ತಿಗೆದಾರರ ಪದ್ಧತಿಯಂತೆ. ಆ ಒಬ್ಬಳು ಯಾರೆಂದು ತಾವು ಸುತ್ತ ಕಣ್ಣಾಡಿಸಿದಿರಿ. ನಾನು ತೀರಾ ಎತ್ತರವಲ್ಲ, ಗಿಡ್ಡವೂ ಅಲ್ಲ. ದಪ್ಪವೋ ತೆಳುವೋ ಎಂಬುದು ನೋಡುವವರ ಮೇಲಿದೆ. “ನೀವೇ ಬನ್ನಿ” ಎಂದಿರಿ. ಸಭಾ ಕೋಣೆಯ ಬಾಗಿಲು ಹಾರು ಹೊಡೆದು ತೆರೆದಿತ್ತು. ಮೇಜಿನ ಆ ಕಡೆ ತಾವು, ಲೆಕ್ಕಪತ್ರದ ಮುಖ್ಯಸ್ಥರು, ಇನ್ನಿಬ್ಬರು ಗಂಡಸರು ಚಹಾ ಕುಡಿಯುತ್ತ ಕೂತಿದ್ದಿರಿ. ಗುತ್ತಿಗೆದಾರನ ಕಡೆಯ ದರ್ಜಿ ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಟೇಪು ಹಿಡಿದಿದ್ದ. ಅವನು ಒಂದೊಂದೇ ಅಳತೆಯನ್ನು ಹರಾಜು ಕೂಗುವವನಂತೆ ಕೂಗಿದ. ಭುಜ, ಎದೆ, ತೋಳು. ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಟೇಪು ಸೊಂಟಕ್ಕೆ ಬಂತು.

ನಾನು ಉಸಿರು ಒಳಗೆಳೆದುಕೊಂಡೆ.

“ಉಸಿರು ಬಿಡಿ ಮೇಡಂ” ಎಂದ ಅವನು.

“ಬಿಟ್ಟಿದ್ದೀನಿ.”

“ಪೂರ್ತಿ ಬಿಡಿ.”

“ಇದೇ ಪೂರ್ತಿ ಕಣಪ್ಪ!”

ಅವನಿಗೇನು, ಕೂಗಿದ. ತಾವು ಲೋಟ ಕೆಳಗಿಟ್ಟು, “ಪರವಾಗಿಲ್ವೇ, ಮೇಡಂ ಚೆನ್ನಾಗಿ ಮೇಂಟೇನ್ ಮಾಡಿದ್ದಾರೆ” ಎಂದಿರಿ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಹಿಡಿಯಾಯಿತು, ನಾಚಿಕೆಯಾಯಿತು. ಜೊತೆಗೆ, ಬರೆಯಲು ಕೈ ಹಿಂಜರಿಯುತ್ತಿದೆ, ಸಂತೋಷವೂ ಆಯಿತು. ಆ ಮಾತನ್ನು ಮನೆಗೆ ಒಯ್ದು ನನ್ನ ಗಂಡನಿಗೂ ಹೇಳಿದೆ. ಈ ಕಚೇರಿಯ ಅಷ್ಟೂ ಹೆಂಗಸರ ಹೊಟ್ಟೆಯನ್ನು ಒಂದು ಹೊಗಳಿಕೆಗೆ ಮಾರಿ ಬಂದಿದ್ದೇನೆಂದು ಆಗ ನನಗೆ ಹೊಳೆಯಲಿಲ್ಲ.

ಬಟ್ಟೆ ಬಂದ ದಿನ ಹೊಳೆಯಿತು. ಮನೆಯಲ್ಲಿ ಹಾಕಿಕೊಂಡು ನೋಡಿದರೆ ನನ್ನದೇ ಅಳತೆಯ ಪ್ಯಾಂಟು ನನಗೇ ಏರಲಿಲ್ಲ. ಗುಂಡಿಗೂ ಕಾಜಕ್ಕೂ ಮಾತುಕತೆಯೇ ಇಲ್ಲ. ಮಂಚದ ಮೇಲೆ ಅಂಗಾತ ಮಲಗಿ ಎಳೆದಾಡುತ್ತಿದ್ದಾಗ ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಯಾರ ಅಳತೆ ಕೊಟ್ಟು ಬಂದೆ? ಪಕ್ಕದ ಮನೆ ಮಗೂದಾ?”

“ಸುಮ್ನಿರಿ ಅತ್ತೆ, ಏನಾದ್ರೂ ಮಾಡಿಕೊಡಿ.”

ಅತ್ತೆ ಬೈದುಕೊಂಡೇ ಹಿಂದಿನ ಹೊಲಿಗೆ ಬಿಚ್ಚಿದರು. ಅವರ ಮಗನ ಹಳೆಯ ಪೈಜಾಮದಿಂದ ಅಗಲವಾದ ಎಲಾಸ್ಟಿಕ್ ಕತ್ತರಿಸಿ ಸೊಂಟದ ಹಿಂಭಾಗಕ್ಕೆ ಕೊಟ್ಟು ಹೊಲಿದರು. ಬಟ್ಟೆ ಕಪ್ಪು, ಎಲಾಸ್ಟಿಕ್ ನೀಲಿ ಪಟ್ಟೆಯದು. “ಕೋಟು ಮಾತ್ರ ತೆಗೀಬೇಡ” ಎಂದರು. ನಾನು ತೆಗೆಯಲಿಲ್ಲ. ಫ್ಯಾನು ಕೆಟ್ಟ ದಿನವೂ ತೆಗೆಯಲಿಲ್ಲ.

ಹೀಗೆ ಇಡೀ ಕಚೇರಿಯಲ್ಲಿ ಸುಖವಾಗಿ ಕೂತು ಉಂಡವಳು ನಾನೊಬ್ಬಳೇ. ಉಳಿದವರಿಗೆ ತಾವು ಎತ್ತರ ನೋಡಿ ಬಟ್ಟೆ ಹಂಚಿದ್ದಿರಿ, ಬದಲಾಯಿಸಿಕೊಳ್ಳಲು ಅವಕಾಶವಿಲ್ಲ ಎಂದಿದ್ದಿರಿ. ಅವರೆಲ್ಲ ದೂರು ಹೇಳಲು ಬಂದಾಗ ತಾವು ಮಾಡಿದ್ದೇನು? “ಹಿರಿಯ ಗುಮಾಸ್ತೆಯವರನ್ನೇ ನೋಡಿ. ನಿಮಗಿಂತ ವಯಸ್ಸಾದೋರು. ಅವರಿಗೆ ಹೇಗೆ ಕೂತಿದೆ! ಎಲ್ಲಿ, ಸ್ವಲ್ಪ ಎದ್ದು ನಿಲ್ಲಿ ಮೇಡಂ” ಎಂದಿರಿ. ನಾನು ಎದ್ದು ನಿಂತೆ. “ಹಾಗೇ ತಿರುಗಿ” ಎಂದಿರಿ. ತಿರುಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗಿ ಕೋಟಿನ ಅಂಚನ್ನು ಎಳೆದು ಹಿಡಿಯಿತು. ನನ್ನ ಸುತ್ತ ನಿಂತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿ ತಂತಮ್ಮ ಹೊಟ್ಟೆಗಳನ್ನು ನೋಡಿಕೊಂಡರು.

ಅವರಲ್ಲಿ ನಾವೆಲ್ಲ ಗಿಣಿ ಎಂದು ಕರೆಯುವ ಕೌಂಟರಿನ ಹುಡುಗಿಯೂ ಇದ್ದಳು. ಹೆಸರಿಗೆ ತಕ್ಕಂತೆ ಅವಳ ಬಾಯಿ ನಿಲ್ಲುವುದಿಲ್ಲ. ಅಳುತ್ತ ಬಂದವರನ್ನು ಮಾತಾಡಿಸಿ, ಅರ್ಜಿ ತುಂಬಿಸಿ, ಒಂದು ಸಣ್ಣ ನಗೆಯನ್ನಾದರೂ ಕೊಟ್ಟು ಕಳಿಸುವವಳು. ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದಳು. ಬಾಣಂತಿ ಮೈ ಎಂದರೆ ಏನೆಂದು ತಮಗೆ ತಿಳಿಯದಿದ್ದರೆ ತಮ್ಮ ತಾಯಿಯವರನ್ನು ಕೇಳಬಹುದಿತ್ತು. ಅವತ್ತು ಅವಳು ನನ್ನ ಮೇಜಿಗೆ ಬಂದು, “ನಿಮಗೆ ಎಷ್ಟು ಚೆನ್ನಾಗಿ ಕೂತಿದೆ ಅಕ್ಕಾ. ನನ್ನ ಮೈಯೇ ಸರಿ ಇಲ್ಲ” ಎಂದಳು. ಅಲ್ಲೇ ಹೇಳಿಬಿಡಬಹುದಿತ್ತು. ಕೋಟು ಎತ್ತಿ ನೀಲಿ ಪಟ್ಟೆ ತೋರಿಸಿದ್ದರೆ ಮುಗಿದಿತ್ತು. ಬದಲಿಗೆ ನಾನು ಹೇಳಿದ್ದು: “ಸ್ವಲ್ಪ ಊಟದ ಕಡೆ ಗಮನ ಕೊಡೇ, ತಾನಾಗಿ ಇಳಿಯುತ್ತೆ.”

ಅವಳು ಗಮನ ಕೊಟ್ಟಳು, ಮಾನ್ಯರೇ. ಮಧ್ಯಾಹ್ನದ ಊಟ ಬಿಟ್ಟಳು. ಡಬ್ಬಿ ತರುತ್ತಿದ್ದಳು, ಮುಚ್ಚಳ ತೆಗೆಯುತ್ತಿರಲಿಲ್ಲ. ಮನೆಯಲ್ಲಿ ತಾಯಿ ಬೈಯುತ್ತಾರೆಂದು ಅದನ್ನು ಕಾವಲುಗಾರನ ನಾಯಿಗೆ ಹಾಕಿ ಹೋಗುತ್ತಿದ್ದಳು. ಒಂದು ದಿನ ಕೈತೊಳೆಯುವಲ್ಲಿ ಸಿಕ್ಕಾಗ, “ಮಗೂಗೆ ಹಾಲು ಸಾಲ್ತಾ ಇಲ್ಲ ಅಕ್ಕಾ, ರಾತ್ರಿಯೆಲ್ಲ ಅಳುತ್ತೆ” ಎಂದು ಸುಮ್ಮನೆ, ಹವಾಮಾನದ ಮಾತಾಡಿದಂತೆ ಹೇಳಿ ಹೋದಳು. ನನ್ನ ಕೈ ನಲ್ಲಿಯ ಕೆಳಗೇ ಇತ್ತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಸ್ಥಿತಿ ನನ್ನದು, ನುಂಗಲೂ ಆಗದು, ಉಗುಳಲೂ ಆಗದು. ಆದರೆ ತುಪ್ಪ ನನ್ನ ಬಾಯಲ್ಲಿತ್ತು, ಸುಡುತ್ತಿದ್ದದ್ದು ಅವಳನ್ನು.

ಆಮೇಲೆ ಆದದ್ದು ತಮಗೂ ಗೊತ್ತು. ಮೇಲಿನ ಕಪಾಟಿನಿಂದ ಕಡತ ತೆಗೆಯಲು ಅವಳು ಕೈ ಚಾಚಿದಳು, ಪ್ಯಾಂಟಿನ ಗುಂಡಿ ಹಾರಿ ಒಬ್ಬ ಮುದುಕರ ಕನ್ನಡಕಕ್ಕೆ ಬಡಿಯಿತು. ಸಾಲಿನಲ್ಲಿದ್ದವರು ನಕ್ಕರು. ಪಾಪ, ಮುದುಕರು ನಗಲಿಲ್ಲ. ಗುಂಡಿಯನ್ನು ಹುಡುಕಿ ಅವಳ ಕೈಗೆ ಕೊಟ್ಟರು. ಮರುದಿನ ಗಿಣಿ ತನ್ನ ಬೂದು ಬಣ್ಣದ ಸಡಿಲ ಪ್ಯಾಂಟು ಹಾಕಿಕೊಂಡು ಬಂದಳು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ್ದು, ಯಾರ ಕಣ್ಣಿಗೂ ಕೆಟ್ಟದಾಗಿ ಕಾಣುವಂಥದ್ದಲ್ಲ. ತಾವು ಎಲ್ಲರೆದುರು, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಸಮವಸ್ತ್ರ ಹಿಡಿಸೋವರೆಗೂ ಕೆಳಗೆ ದಾಖಲೆ ಕೋಣೆಯಲ್ಲಿರಿ” ಎಂದಿರಿ.

ಮಾನ್ಯರೇ, ನೆಲ ನಿಜವಾಗಿಯೂ ಡೊಂಕಾಗಿತ್ತು. ಅದನ್ನು ಡೊಂಕು ಮಾಡಿದವಳು ತಮ್ಮ ಬಲಗಡೆಯೇ ನಿಂತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕಣ್ಣಾರೆ ಕಂಡೂ ಎತ್ತು ಮಾತಾಡಲಿಲ್ಲ.

ನಿನ್ನೆ ಮಧ್ಯಾಹ್ನ ನಾನು ನೆಲಮಾಳಿಗೆಗೆ ಇಳಿದು ಹೋದೆ. ಹಳೆಯ ಕಡತಗಳ ನಡುವೆ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಗಿಣಿ ಒಬ್ಬಳೇ ಧೂಳು ಒರೆಸುತ್ತಿದ್ದಳು. ಮಾತಾಡಲು ಅಲ್ಲಿ ಯಾರೂ ಇಲ್ಲವಲ್ಲ, ಸುಮ್ಮನಿದ್ದಳು. ಗಿಣಿ ಸುಮ್ಮನಿರುವುದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಕೋಟು ಬಿಚ್ಚಿದೆ. ಅವಳಿಗೆ ಬೆನ್ನು ಮಾಡಿ ನಿಂತೆ.

“ಇದೇನಕ್ಕಾ?”

“ನಮ್ಮ ಮನೆಯವರ ಪೈಜಾಮದ ಎಲಾಸ್ಟಿಕ್ಕು. ಅಳತೆ ದಿನ ನಾನು ಉಸಿರು ಬಿಗಿಹಿಡಿದಿದ್ದೆ ಕಣೇ. ನನಗೇ ಇದು ಏರಲ್ಲ. ಯಾರಿಗೂ ಏರಲ್ಲ.”

ಅವಳು ನಗುತ್ತಾಳೆಂದುಕೊಂಡೆ, ಇಲ್ಲವೇ ಬೈಯುತ್ತಾಳೆಂದುಕೊಂಡೆ. ಬೈದರೆ ನನಗೆ ಹಗುರವಾಗುತ್ತಿತ್ತು. ಅವಳು ಆ ನೀಲಿ ಪಟ್ಟೆಯನ್ನು ಬೆರಳಿನಿಂದ ಎಳೆದು ನೋಡಿದಳು. ಆಮೇಲೆ ಕೇಳಿದಳು:

“ಅಂದ್ರೆ... ನನ್ನ ಮೈ ಸರಿಯಾಗೇ ಇತ್ತಾ?”

ಹೌದೆಂದು ತಲೆಯಾಡಿಸಿದೆ. ಅವಳು ಒರೆಸುವ ಬಟ್ಟೆ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಕಡತಗಳ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಪೂರ್ತಿ ಊಟ ಮಾಡುವವರೆಗೆ ಅಲ್ಲೇ ನಿಂತಿದ್ದೆ. ತಳ ಬಳಿದು ತಿಂದಳು.

ತಪ್ಪು ನನ್ನದೆಂದು ತಾವು ಈಗ ನೆಮ್ಮದಿಯಿಂದ ಕುರ್ಚಿಗೆ ಒರಗಿರಬಹುದು. ಒರಗಬೇಡಿ. ಅಳತೆ ಕದ್ದವಳು ನಾನು, ನಿಜ. ಆದರೆ ಬಾಗಿಲು ತೆರೆದಿಟ್ಟು, ಗಂಡಸರನ್ನು ಎದುರಿಗೆ ಕೂರಿಸಿ, ಒಬ್ಬ ಹೆಂಗಸಿನ ಸೊಂಟವನ್ನು ಕೂಗಿ ಹೇಳಿಸಿದರೆ ಯಾವಳು ತಾನೇ ನಿರಾಳವಾಗಿ ಉಸಿರು ಬಿಟ್ಟಾಳು? ಬಟ್ಟೆ ಯಾರಿಗೂ ಆಗುತ್ತಿಲ್ಲವೆಂದು ಗೊತ್ತಾದ ಮೇಲೂ ಟೇಪನ್ನು ಮತ್ತೊಮ್ಮೆ ಹಿಡಿಸಿ ನೋಡಬೇಕೆಂದು ತಮಗೇಕೆ ಅನ್ನಿಸಲಿಲ್ಲ? ಬಟ್ಟೆ ತಪ್ಪಿರಬಹುದು ಎನ್ನುವುದಕ್ಕಿಂತ ಅಷ್ಟೂ ಹೆಂಗಸರ ಮೈಯೇ ತಪ್ಪು ಎನ್ನುವುದು ಸುಲಭವಾಗಿ ಕಂಡಿತೇ? ನನಗೂ ಹಾಗೆಯೇ ಕಂಡಿತ್ತು, ಅದಕ್ಕೇ ಕೇಳುತ್ತಿದ್ದೇನೆ.

ಆದ್ದರಿಂದ ನಾಳೆ ಬೆಳಗ್ಗೆ ಗಿಣಿ ಕೌಂಟರಿಗೆ ಮರಳಬೇಕು, ತನ್ನ ಬೂದು ಪ್ಯಾಂಟಿನಲ್ಲೇ. ಎಲ್ಲರೆದುರು ಆಡಿದ ಮಾತನ್ನು ತಾವು ಎಲ್ಲರೆದುರೇ ಹಿಂತೆಗೆದುಕೊಳ್ಳಬೇಕು. ಪ್ರತಿಯೊಬ್ಬಳ ಅಳತೆಯನ್ನೂ ಬೇರೆಬೇರೆಯಾಗಿ, ಮುಚ್ಚಿದ ಬಾಗಿಲ ಹಿಂದೆ, ಹೆಂಗಸೊಬ್ಬಳ ಕೈಯಿಂದ ತೆಗೆಸಬೇಕು. ಊಟವಾದ ಮೇಲೆ ತೆಗೆಸಬೇಕು, ಕೂರಿಸಿಯೂ ತೆಗೆಸಬೇಕು. ಜೇಬು ಕೊಡಿ, ಕೈ ಹೋಗುವ ಜೇಬು. ಚೆಂದವಾಗಿಯೂ ಇರಲಿ, ಸುಖವಾಗಿರುವುದು ಚೆಂದವಿರಬಾರದೆಂದು ಯಾವ ಸುತ್ತೋಲೆಯಲ್ಲೂ ನಾನು ಓದಿಲ್ಲ.

ಈ ಪತ್ರವನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ. ಪಕ್ಕದಲ್ಲಿ ನನ್ನ ಸಮವಸ್ತ್ರದ ಪ್ಯಾಂಟನ್ನು ಹಿಂಭಾಗ ಮುಂದಾಗಿ ನೇತುಹಾಕಿದ್ದೇನೆ, ನೀಲಿ ಪಟ್ಟೆ ಎಲ್ಲರಿಗೂ ಕಾಣುವಂತೆ. ಅದನ್ನೇ ಸಾಕ್ಷ್ಯವೆಂದು ಪರಿಗಣಿಸಬೇಕು. ನನ್ನನ್ನು ಎಲ್ಲಿಗೆ ಕಳಿಸಬೇಕೆಂದು ತಾವು ಯೋಚಿಸುತ್ತಿದ್ದರೆ, ದಾಖಲೆ ಕೋಣೆಯಲ್ಲಿ ನಾಳೆಯಿಂದ ಒಂದು ಜಾಗ ಖಾಲಿಯಾಗಲಿದೆ. ಅಲ್ಲಿ ಧೂಳು ಇನ್ನೂ ಅರ್ಧ ಉಳಿದಿದೆ, ನಾನು ಒರೆಸುತ್ತೇನೆ.

ಇಂತಿ,
ತಡವಾಗಿ ಉಸಿರು ಬಿಟ್ಟ
ತಮ್ಮ ಮಾದರಿ ಅಳತೆಯ ಹೆಂಗಸು