ಕೊಂಬು ಕೇಳಲು ಹೋದ ಕ್ರೈಸ್ತರು

ಅಂತಿಯೋಕ್ಯ, ಸೋಮವಾರ ರಾತ್ರಿ.

ನಿದ್ದೆ ಬರುತ್ತಿಲ್ಲ. ಯೆಹೂದ್ಯರು ಹೊಸವರ್ಷಕ್ಕೆ ಊದುವ ಟಗರಿನ ಕೊಂಬು ಕೇಳಲು ಹೋದವರು ಕ್ರೈಸ್ತರೇ ಅಲ್ಲವೆಂದು ಪಾದ್ರಿಗಳು ನಿನ್ನೆಯಷ್ಟೇ ಗುಡುಗಿದ್ದರು. ಆದರೂ ಇವತ್ತು ಅತ್ತೆ ನನ್ನನ್ನು ಎಳೆದುಕೊಂಡೇ ಹೋದರು.

"ಯೇಸುಸ್ವಾಮಿನೂ ಕೇಳಿದ್ದು ಇದನ್ನೇ ಕಣೇ, ನಡಿ!"

ಮುಸುಕೆಳೆದುಕೊಂಡು ಯೆಹೂದ್ಯರ ಸಭಾಮಂದಿರದ ಕಂಬದ ಮರೆಯಲ್ಲಿ ನಿಂತೆವು. ಕೊಂಬು ಮೊಳಗಿದಾಗ ಮೈ ಜುಮ್ಮೆಂದಿತು. ಪಕ್ಕದಲ್ಲಿ ಯಾರೋ ಬಿಕ್ಕಿದರು. ಹೆಂಗಸು ಅಂದುಕೊಂಡೆ; ನೋಡಿದರೆ ಮುಸುಕಿನೊಳಗೆ ಗಡ್ಡ! ನಮ್ಮ ಪಾದ್ರಿಗಳ ಸಹಾಯಕ ಮಾರಿಸ್.

"ನಮ್ಮೋರು ಯಾರ್ಯಾರು ಬಂದಿದಾರೆ ಅಂತ ನೋಡಿ ಪಾದ್ರಿಗಳಿಗೆ ಹೇಳ್ಬೇಕಿತ್ತು," ಎಂದು ತೊದಲಿದ.

"ಕಣ್ಮುಚ್ಕೊಂಡು ಅದೇನ್ ನೋಡ್ತಿದ್ಯೋ?" ಎಂದರು ಅತ್ತೆ.

ಅವನು ಕಣ್ಣೊರೆಸಿಕೊಂಡ. "ಅಮ್ಮಾ, ಸ್ವಲ್ಪ ಸರ್ಕೊಳ್ಳಿ. ಇನ್ನೊಂದ್ಸಲ ಊದ್ತಾರೆ."

ಅತ್ತೆ ಸರಿದು ಜಾಗ ಕೊಟ್ಟರು.

ಅವನು ಹೇಳಲಾರ, ಪಾಪ. ಹೇಳಿದರೂ ಹೇಳಲಿ, ಆ ದನಿ ಇನ್ನೂ ನನ್ನ ಕಿವಿಯಲ್ಲಿ...