ಪಲ್ಲಕ್ಕಿ ದೃಶ್ಯದಲ್ಲಿ ಹರಿದ ಕಾಗದ

ಕಮಿತಾನಿ ಹಳ್ಳಿ, ಶೋದೊಶಿಮಾ ದ್ವೀಪ
ಶೋವಾ ೨೯, ಅಕ್ಟೋಬರ್ ೧೨, ಮಂಗಳವಾರ ಬೆಳಿಗ್ಗೆ

ಮನೆಯ ಯಜಮಾನರಿಗೆ, ಮಸಾನೊ ತಲೆಬಾಗಿ ಬರೆಯುವುದು.

ಸಂಜೆಯ ಹೊತ್ತು ಏರುತ್ತಿದ್ದ ಜ್ವರ ಇಳಿದಿದೆಯೇ? ಗಂಜಿ ಒಳಗೆ ಹೋಗುತ್ತಿದೆಯೇ? ಹೋದ ವಾರ ದಾದಿ ನಿಮ್ಮ ಪರವಾಗಿ ಬರೆದ ಕಾರ್ಡಿನಲ್ಲಿ ಕೆಮ್ಮು ಕಡಿಮೆಯಾಗಿದೆ ಎಂದಿತ್ತು. ಅಕ್ಷರ ಆಕೆಯದು, ಸರಿ, ಮಾತು ನಿಮ್ಮದೋ ಆಕೆಯದೋ ಎಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ನೀವಾಗಿದ್ದರೆ ‘ಇನ್ನೂ ಸತ್ತಿಲ್ಲ’ ಎಂದು ಬರೆಸುತ್ತಿದ್ದಿರಿ. ಇದರ ಜೊತೆಗೆ ಉಮೆಕಾಯಿಯ ಉಪ್ಪಿನಕಾಯಿ ಒಂದು ಭರಣಿ ಕಳಿಸುತ್ತಿದ್ದೇನೆ, ನಾನೇ ಹೆಣೆದ ಉಣ್ಣೆಯ ಹೊಟ್ಟೆಪಟ್ಟಿಯೂ ಇದೆ. ಪಕ್ಕದ ಹಾಸಿಗೆಯವರಿಗೆ ಉಪ್ಪಿನಕಾಯಿ ಕೊಡಿ, ಹೊಟ್ಟೆಪಟ್ಟಿ ಕೊಡಬೇಡಿ. ನಿಮ್ಮ ಗುಣ ನನಗೆ ಗೊತ್ತು. ದಿನವೂ ದೈಶಿ ಸ್ವಾಮಿಗಳ ಗುಡಿಗೆ ಹೋಗಿ ನಿಮ್ಮ ಹೆಸರು ಹೇಳಿ ಊದಿನಕಡ್ಡಿ ಹಚ್ಚುತ್ತೇನೆ. ಇಂದೂ ಹೋಗಿದ್ದೆ. ಬಂದು ಬರೆಯಲು ಕೂತರೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಮತ್ತೆ ಬಂದು ಕೂರುವುದು, ಹೀಗಾಗಿದೆ. ಈ ಕಾಗದವನ್ನು ದಾದಿಯಿಂದ ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ.

ಇಷ್ಟು ದಿನ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ರೋಗಿಗೆ ಮನೆಯ ಚಿಂತೆ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದನ್ನೇ ನೆಪ ಮಾಡಿಕೊಂಡೆ. ಧಣಿಗಳ ಸೋಯಾ ರಸದ ಕಾರ್ಖಾನೆಯಲ್ಲಿ ಆಗಸ್ಟ್ ತಿಂಗಳಿಂದ ಮುಷ್ಕರ ನಡೆಯುತ್ತಿದೆ. ಪೀಪಾಯಿ ಕಟ್ಟುವ ಮೂವರನ್ನು ಒಂದೇ ಮಾತಿನಲ್ಲಿ ಕೆಲಸದಿಂದ ಬಿಡಿಸಿದರು. ಸಂಘದವರು ಗೇಟಿನ ಮುಂದೆ ಚಾಪೆ ಹಾಸಿ ಕೂತುಬಿಟ್ಟರು. ನಮ್ಮ ಕಿರಿಯವನು ಕುನಿಜಿ ಆ ಚಾಪೆಯ ಮೇಲೆ, ಹಿರಿಯವನು ಮೊರಿಯೊ ಗೇಟಿನ ಒಳಗೆ. ಮೊರಿಯೊನಿಗೆ ಹುದುಗಿನ ಮನೆಯ ಮೇಲ್ವಿಚಾರಣೆ ಕೊಟ್ಟು ಇನ್ನೂ ವರ್ಷ ತುಂಬಿಲ್ಲ. ‘ಪೀಪಾಯಿ ಒಳಗಿನ ಹುದುಗಿಗೆ ಜೀವ ಇದೆ ಅಮ್ಮ. ಸರಿಯಾಗಿ ಕೆದಕದೆ ಇದ್ರೆ ಕೆಟ್ಟುಹೋಗುತ್ತೆ. ಅದಕ್ಕೇನ್ ಗೊತ್ತು ಮುಷ್ಕರ ಗಿಷ್ಕರ?’ ಎನ್ನುತ್ತಾನೆ. ‘ಆ ಮೂವರಿಗೂ ಜೀವ ಇದೆ ಅಂತ ಅಣ್ಣಂಗೆ ಹೇಳಮ್ಮ’ ಎಂದು ಇವನು. ಇಬ್ಬರೂ ನನ್ನ ಮುಖ ನೋಡಿ ಮಾತನಾಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಂದು ದಿನ ಮೊರಿಯೊ ಪೀಪಾಯಿಗಳ ಕೈಗಾಡಿ ಎಳೆದುಕೊಂಡು ಹೊರಗೆ ಬಂದ. ಕುನಿಜಿ ಹೋಗಿ ಗಾಡಿಗೆ ಅಡ್ಡ ಮಲಗಿದ. ಮೊರಿಯೊ ನಿಲ್ಲಿಸಿದ, ಇಲ್ಲವೆನ್ನುವುದಿಲ್ಲ, ಆದರೆ ಇಳಿಜಾರಿನಲ್ಲಿ ಗಾಡಿ ಒಂದು ಗೇಣು ಮುಂದೆ ಜಾರಿ ಮೂಕಿ ತಗುಲಿತು, ತಮ್ಮನ ಹುಬ್ಬು ಒಡೆಯಿತು. ಅಂದಿನಿಂದ ಕುನಿಜಿ ಸಂಘದ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ. ಅಣ್ಣ ಕೆಲಸಕ್ಕೆ ಹೋದಮೇಲೆ ಹಿತ್ತಲ ಬಾಗಿಲಿನಿಂದ ಬಂದು ಉಂಡು ಹೋಗುತ್ತಿದ್ದ, ಕಳ್ಳನ ಹಾಗೆ, ತನ್ನದೇ ಮನೆಯಲ್ಲಿ.

ಇದೂ ಸಾಲದೆಂದು ಕಾಗದ ಬಂತು. ಕುನಿಜಿಯನ್ನು ಕೆಲಸಕ್ಕೆ ಸೇರಿಸುವಾಗ ‘ಇವನ ನಡತೆಗೆ ನಾನು ಹೊಣೆ’ ಎಂದು ನೀವು ಮುದ್ರೆ ಒತ್ತಿ ಕೊಟ್ಟಿದ್ದಿರಲ್ಲ. ಈಗ ಗುಮಾಸ್ತ ಮಿನೆತಾ ಅವರು ಮುಷ್ಕರಕ್ಕೆ ಕೂತ ಹುಡುಗರ ಅಪ್ಪಂದಿರ ಮನೆಗೆ ಹೋಗಿ ‘ಇನ್ನು ಮೇಲೆ ನಾನು ಹೊಣೆಯಲ್ಲ’ ಎಂಬ ಕಾಗದಕ್ಕೆ ಮುದ್ರೆ ಒತ್ತಿಸಿಕೊಳ್ಳುತ್ತಿದ್ದಾರೆ. ಹೊಣೆ ನಿಂತ ಅಪ್ಪನೇ ಕೈಬಿಟ್ಟ ಹುಡುಗನನ್ನು ಈ ದ್ವೀಪದ ಯಾವ ಕಾರ್ಖಾನೆ ಒಳಗೆ ಬಿಡುತ್ತದೆ? ಇಬ್ಬರು ಅಪ್ಪಂದಿರು ಒತ್ತಿಯಾಯಿತು. ಅವರ ಮಕ್ಕಳು ಗಂಟು ಕಟ್ಟಿಕೊಂಡು ಒಸಾಕಾಗೆ ಹೋದರು. ನಮ್ಮ ಮನೆಗೆ ಗುಮಾಸ್ತರು ಬರಲೇ ಇಲ್ಲ. ಕಾಗದವನ್ನು ಮೊರಿಯೊನ ಕೈಯಲ್ಲೇ ಕಳಿಸಿದ್ದರು. ‘ಅಪ್ಪನ ಮುದ್ರೆ ಎಲ್ಲಿಟ್ಟಿದ್ದೀಯಮ್ಮ? ನಾನು ಧಣಿಗಳಿಗೆ ಮಾತು ಕೊಟ್ಟುಬಿಟ್ಟಿದ್ದೀನಿ’ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ‘ತಮ್ಮನ ಕತ್ತು ಹಿಸುಕೋ ಕಾಗದ ಹೊತ್ಕೊಂಡು ಬಂದಿದ್ದೀಯಲ್ಲೋ, ಕೈ ನಡುಗಲಿಲ್ವಾ ನಿಂಗೆ?’ ಎಂದೆ. ‘ಅಪ್ಪಂಗೆ ಆಸ್ಪತ್ರೇಲಿ ಹಾಸಿಗೆ ಸಿಕ್ಕಿದ್ದು ಯಾರ ಶಿಫಾರಸಿನಿಂದ? ಅದನ್ನೂ ಯೋಚನೆ ಮಾಡು’ ಎಂದು ತಲೆ ತಗ್ಗಿಸಿದ. ಅವನದೂ ಸುಳ್ಳಲ್ಲ. ಆ ಹಾಸಿಗೆಗಾಗಿ ನಾವು ಎಂಟು ತಿಂಗಳು ಕಾದಿದ್ದೆವು, ಧಣಿಗಳು ಬರೆದ ಒಂದು ಪತ್ರಕ್ಕೆ ಎಂಟು ದಿನದಲ್ಲಿ ಸಿಕ್ಕಿತು. ನಾನು ಮರೆತಿಲ್ಲ. ಮುದ್ರೆ ಅಪ್ಪನದು, ಅವರನ್ನು ಕೇಳದೆ ನಾನು ಮುಟ್ಟುವುದಿಲ್ಲ, ಮೊದಲು ಹಬ್ಬದ ಆಟ ಮುಗಿಯಲಿ ಎಂದು ಹೇಳಿ ಕಳಿಸಿದೆ. ಅವನು ಕಾಗದವನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡ.

ಆಟ ಮೊನ್ನೆ ಭಾನುವಾರ ಆಯಿತು. ಹಚಿಮನ್ ದೇವರ ಅಂಗಳದಲ್ಲಿ, ಎಂದಿನಂತೆ ಮಧ್ಯಾಹ್ನದ ಹೊತ್ತಿಗೆ. ನೀವಿಲ್ಲದ ಮೊದಲ ಕಬುಕಿ. ನೀವು ಮಾಡುತ್ತಿದ್ದ ಅಣ್ಣನ ವೇಷ ಮೊರಿಯೊನಿಗೆ, ತಮ್ಮನ ವೇಷ ಎಂದಿನ ಹಾಗೆ ಕುನಿಜಿಗೆ ಎಂದು ಗುರು ಕಾಮೆಜೊ ಅಜ್ಜ ವಸಂತದಲ್ಲೇ ಹಂಚಿದ್ದರು. ಮುಷ್ಕರ ಆದಮೇಲೆ ಊರವರು ಹೋಗಿ, ಈ ವರ್ಷ ಅಣ್ಣತಮ್ಮ ಎದುರಾಗುವ ಪಲ್ಲಕ್ಕಿ ದೃಶ್ಯ ಬಿಟ್ಟುಬಿಡಿ, ರಂಗದ ಮೇಲೆ ನಿಜವಾಗಿ ಹೊಡೆದಾಡಿಕೊಂಡಾರು ಎಂದರಂತೆ. ಅಜ್ಜ ಚಿಲುಮೆಯ ಬೂದಿ ಕೊಡವಿ, ‘ಹೊಡೆದಾಡಲಿ ಬಿಡ್ರೋ, ಹಾಗಾದ್ರೂ ಕಾಲು ಸರಿಯಾಗಿ ಊರ್ತಾರೆ. ತಾಲೀಮಲ್ಲಿ ಇಬ್ಬರೂ ಕೊಕ್ಕರೆ ಹಾಗೆ ನಿಲ್ತಾರೆ’ ಎಂದರು.

ನಮ್ಮೂರಿನ ಕಟ್ಟಳೆ ನಿಮಗೆ ನಾನು ಹೇಳಬೇಕೇ, ಎದುರಾಳಿಯ ಮುಖವನ್ನು ಎದುರಾಳಿಯೇ ಬರೆಯಬೇಕು. ಬಣ್ಣದ ಮನೆಯಲ್ಲಿ ನಾನು ಬಟ್ಟೆ ಮಡಚುತ್ತ ಕೂತಿದ್ದೆ. ಇಬ್ಬರೂ ಬಂದು ಮಂಡಿಗೆ ಮಂಡಿ ತಾಗಿಸಿ ಕೂತರು. ಮೊರಿಯೊ ಬಿಳಿ ಬಣ್ಣ ಕಲಸಿ ತಮ್ಮನ ಹಣೆಗೆ ಹಚ್ಚತೊಡಗಿದ. ಹುಬ್ಬಿನ ಗಾಯದ ಹತ್ತಿರ ಬಂದಾಗ ಅವನ ಬೆರಳು ನಿಂತಿತು. ಗಾಯ ಮಾಗಿದೆ, ಆದರೆ ಚರ್ಮ ಇನ್ನೂ ಎಳೆಯದು. ಅಲ್ಲಿ ಹಚ್ಚದೆ ಸುತ್ತಲೂ ಹಚ್ಚುತ್ತಿದ್ದ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಕುನಿಜಿ ಅಣ್ಣನ ಜೊತೆ ಬಾಯಿಬಿಟ್ಟ, ಕಣ್ಣು ಮುಚ್ಚಿಕೊಂಡೇ: ‘ಹಚ್ಚೋ, ಬಿಟ್ರೆ ಜನಕ್ಕೆ ಕಾಣುತ್ತೆ. ಮಾಡೋದೆಲ್ಲ ಮಾಡಿ ಈಗ ಮೆತ್ತಗೆ ಹಚ್ತಾನೆ.’ ಮೊರಿಯೊ, ‘ಬಾಯಿ ಮುಚ್ಕೊಂಡಿರು, ತುಟಿ ವಕ್ರ ಆಗುತ್ತೆ’ ಎಂದ. ಅಷ್ಟೇ. ಆಮೇಲೆ ಕುಂಚ ಕುನಿಜಿಯ ಕೈಗೆ ಹೋಯಿತು, ಅವನು ಅಣ್ಣನ ಕೆನ್ನೆಯ ಮೇಲೆ ಕೆಂಪು ಗೆರೆಗಳನ್ನು ಎಳೆದ. ಒಳ್ಳೆಯ ಗೆರೆ, ನಿಮ್ಮ ಕೈಯಷ್ಟೇ ನೇರ. ನಾನು ಮಾತ್ರ ಒಂದೇ ನಿಲುವಂಗಿಯನ್ನು ನಾಲ್ಕು ಸಲ ಮಡಚಿದೆ.

ಅಂಗಳದಲ್ಲಿ ಜನ ಇಬ್ಭಾಗವಾಗಿ ಕೂತಿದ್ದರು, ಎಡಗಡೆ ಕಾರ್ಖಾನೆಯ ಕಡೆಯವರು, ಬಲಗಡೆ ಸಂಘದವರು, ನಡುವೆ ಬುತ್ತಿಯ ಮರದ ಪೆಟ್ಟಿಗೆಗಳ ಸಾಲು ಗೋಡೆಯ ಹಾಗೆ. ಮುಂದಿನ ಚಾಪೆಯಲ್ಲಿ ಧಣಿಗಳು, ಪಕ್ಕದಲ್ಲಿ ಗುಮಾಸ್ತರು. ಅಣ್ಣ ತನ್ನ ಒಡೆಯನ ಪಲ್ಲಕ್ಕಿ ಕಾಯುತ್ತ ಬಂದ. ತಮ್ಮ ಇನ್ನೊಬ್ಬ ಒಡೆಯನ ಸೇವಕ, ಅವನ ಒಡೆಯನನ್ನು ಊರು ಬಿಡಿಸಿದವನೇ ಈ ಪಲ್ಲಕ್ಕಿಯವನು, ಅದಕ್ಕೇ ಎದುರಿಗೆ ಹಾರಿ ಬಂದು ಪಲ್ಲಕ್ಕಿ ತಡೆದ. ಇಬ್ಬರೂ ಪಲ್ಲಕ್ಕಿಯ ದಂಡಿಗೆಯನ್ನು ಎರಡು ಕಡೆಯಿಂದ ಹಿಡಿದು, ಕಾಲು ಊರಿ, ಕಣ್ಣು ಅಗಲಿಸಿ ನಿಂತಾಗ ಎಡದಿಂದ ಒಬ್ಬರು ನಿಮ್ಮ ಹೆಸರು ಹಿಡಿದು ‘ತೊಕುಜಿ ಮನೆ!’ ಎಂದು ಕೂಗಿದರು, ಬಲದಿಂದಲೂ ‘ತೊಕುಜಿ ಮನೆ!’ ಎಂದೇ ಕೂಗಿದರು. ಬೇರೆ ಏನೆಂದು ಕೂಗುತ್ತಾರೆ, ಇಬ್ಬರದೂ ಒಂದೇ ಮನೆಯಲ್ಲವೇ. ಆಮೇಲೆ, ತಮ್ಮನನ್ನು ತೊರೆಯಬೇಕೆಂಬ ಒಡೆಯನ ಆಜ್ಞಾಪತ್ರವನ್ನು ಅಣ್ಣ ಎದೆಯಿಂದ ತೆಗೆದು, ಮಡಿಕೆ ಬಿಚ್ಚದೆ ಹಣೆಗೆ ಒತ್ತಿಕೊಳ್ಳುವ ಜಾಗ ಬಂತು. ಮೊರಿಯೊ ತೆಗೆದ, ಒತ್ತಿಕೊಂಡ. ಕುನಿಜಿ ಕಿತ್ತುಕೊಂಡು ಬಿಡಿಸಿದ. ಅಲ್ಲಿ ಅವನು ನಿಂತುಬಿಟ್ಟ. ಎಂದೂ ಅಷ್ಟು ಹೊತ್ತು ನಿಂತವನಲ್ಲ. ಜನ ಅದು ಅಭಿನಯ ಎಂದುಕೊಂಡು ಚಪ್ಪಾಳೆ ಹೊಡೆದರು. ಅವನ ಕೈಯಲ್ಲಿದ್ದದ್ದು ಆಟದ ಕಾಗದವಲ್ಲ. ಧಣಿಗಳ ಲಾಂಛನ ಹಾಕಿದ, ‘ತೊಕುಜಿಯ ಎರಡನೆಯ ಮಗ ಕುನಿಜಿ’ ಎಂದು ಬರೆದ, ಇನ್ನೂ ಮುದ್ರೆ ಬೀಳದ ನಿಜವಾದ ಕಾಗದ. ಅವನು ಅಣ್ಣನನ್ನು ನೋಡಿದ. ಆಮೇಲೆ, ಆಟದಲ್ಲಿ ಪ್ರತಿ ವರ್ಷ ಹರಿಯುವಂತೆಯೇ, ಅದನ್ನು ಎರಡು ಮಾಡಿ, ನಾಲ್ಕು ಮಾಡಿ, ಎಂಟು ಮಾಡಿ ಗಾಳಿಗೆ ತೂರಿದ. ಧಣಿಗಳೇ ಎದ್ದು ‘ಭೇಷ್!’ ಎಂದರು, ಪಾಪ. ಪರದೆ ಎಳೆದರು. ಒಂದು ಚೂರು ಹಾರಿಹೋಗಿ ಗುಮಾಸ್ತರ ಬುತ್ತಿಯ ಮೇಲೆ ಬಿತ್ತು. ಅವರು ಅದನ್ನು ಎತ್ತಿ ನೋಡಿ, ಮಡಚಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ಕಂಡೆ.

ಅದು ಹೇಗೆ ಅದಲುಬದಲಾಯಿತು ಎಂದು ಎಲ್ಲರೂ ಕೇಳುತ್ತಿದ್ದಾರೆ. ಬಣ್ಣದ ಮನೆಯಲ್ಲಿ ಅಷ್ಟು ಜನ, ಅಷ್ಟು ಬಟ್ಟೆ, ಏನಾದರೂ ಆಗುತ್ತದೆ. ಕುನಿಜಿ ಮಾತ್ರ ಒಂದೇ ಅರ್ಥ ಮಾಡಿಕೊಂಡ. ಆ ಸಂಜೆಯೇ ಬೆಳಕಿರುವಾಗ, ಮುಂದಿನ ಬಾಗಿಲಿನಿಂದಲೇ ಮನೆಗೆ ಬಂದ. ಕಿವಿಯ ಹಿಂದೆ ಇನ್ನೂ ಬಿಳಿ ಬಣ್ಣ. ಅಣ್ಣನ ಪಕ್ಕ ಕೂತು, ‘ಧಣಿ ಕಣ್ಣೆದುರಿಗೇ ನನ್ನ ಕೈಗೆ ಕೊಟ್ಟೆಯಲ್ಲೋ ಅಣ್ಣ. ನಿನ್ನ ಎದೆ ಇಷ್ಟು ದೊಡ್ಡದು ಅಂತ ನಂಗೆ ಗೊತ್ತಿರಲಿಲ್ಲ’ ಎಂದ. ಮೊರಿಯೊ ಅನ್ನದ ಬಟ್ಟಲನ್ನೇ ನೋಡುತ್ತಿದ್ದ. ‘ಉಣ್ಣು, ಆರುತ್ತೆ’ ಎಂದ.

ನಿನ್ನೆ ಬೆಳಿಗ್ಗೆ ಇಬ್ಬರೂ ಉಣ್ಣುತ್ತಿರುವಾಗಲೇ ಗುಮಾಸ್ತರು ಬಂದರು. ಹೊಸ್ತಿಲಲ್ಲೇ ನಿಂತು ಬಹಳ ಮೃದುವಾಗಿ, ‘ಏನಪ್ಪಾ ಮೊರಿಯೊ, ಕೈತಪ್ಪಿ ಆಯ್ತು ಅಂತ ಒಂದು ಮಾತು ಹೇಳಿಬಿಡು. ಧಣಿಗಳು ನಕ್ಕು ಸುಮ್ಮನಾಗ್ತಾರೆ’ ಎಂದರು. ಕುನಿಜಿಯ ಊಟದ ಕಡ್ಡಿಗಳು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತವು. ನಾನು ದೇವರನ್ನು ನೆನೆದೆ. ಮೊರಿಯೊ ತಮ್ಮನನ್ನೊಮ್ಮೆ ನೋಡಿ, ಬಟ್ಟಲು ಕೆಳಗಿಟ್ಟು, ‘ಕೈತಪ್ಪಿ ಅಲ್ಲ. ಬೇಕಂತಲೇ ಕೊಟ್ಟೆ’ ಎಂದ. ‘ಹಾಗಾದ್ರೆ ಹುದುಗಿನ ಮನೆ ಬೀಗದ ಕೈ ಕೊಡು’ ಎಂದರು. ಸೊಂಟದಿಂದ ಬಿಚ್ಚಿ ಕೊಟ್ಟ. ಅವರು ಅಂಗಳ ದಾಟುವಾಗ ಇವನು ಬರಿಗಾಲಲ್ಲಿ ಹಿಂದೆ ಓಡಿ, ‘ಏಳನೇ ಪೀಪಾಯಿ ಇವತ್ತು ಕೆದಕಬೇಕು, ಮರೀಬೇಡಿ, ತಳದಿಂದ ಕೆದಕಬೇಕು’ ಎಂದು ಕೂಗಿ ಹೇಳಿದ. ನಿನ್ನೆಯಿಂದ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಾನೆ. ಅವನು ಹುಟ್ಟಿದಂದಿನಿಂದ ಅವನ ಕೈಗೆ ಕೆಲಸವಿಲ್ಲದೆ ಇರುವುದನ್ನು ನಾನು ನೋಡಿಲ್ಲ.

ಇನ್ನು ಬರೆದರೆ ನಿಮ್ಮ ಆಸ್ಪತ್ರೆಯ ದಡಕ್ಕೆ ಟಪಾಲು ಒಯ್ಯುವ ದೋಣಿ ತಪ್ಪುತ್ತದೆ. ಔಷಧಿ ಕಹಿಯೆಂದು ಬಿಡಬೇಡಿ. ಕಾಮೆಜೊ ಅಜ್ಜ ನಿಮ್ಮನ್ನು ಕೇಳಿದೆನೆಂದು ಬರೆಯಲು ಹೇಳಿದರು, ಮೊರಿಯೊನ ಕಾಲು ಕೊನೆಗೂ ಊರಿತು ಎಂದೂ ಹೇಳಿದರು. ಮಕ್ಕಳಿಬ್ಬರ ನಮಸ್ಕಾರ. ದೈಶಿ ಸ್ವಾಮಿಗಳು ನಿಮ್ಮ ಎದೆಯ ಉರಿಯನ್ನು ತಣಿಸಲಿ.

ನಿಮ್ಮ ಮನೆಯವಳು,
ಮಸಾನೊ

ದೋಣಿಕಟ್ಟೆಯ ಮೇಲೆ ನಿಂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ದೋಣಿ ಕೂಗುತ್ತಿದೆ. ಕಾಗದ ಬದಲಿಸಿದವಳು ನಾನು. ಮೊರಿಯೊ ಕಳಚಿಟ್ಟ ಕೋಟಿನಿಂದ ತೆಗೆದು ವೇಷದ ಎದೆಯೊಳಗೆ ಇಟ್ಟೆ, ದೇವರ ಅಂಗಳದಲ್ಲಿ, ನನ್ನ ಕೈಯಾರೆ. ಹರಿದುಹೋದರೆ ಹೋಯಿತು ಎಂದಷ್ಟೇ ಯೋಚಿಸಿದ್ದೆ, ಮೊರಿಯೊನ ಕೆಲಸ ಹೋಗುತ್ತದೆಂದು ಯೋಚಿಸಲಿಲ್ಲ. ಬಟ್ಟೆ ಮಡಚಿದವಳು ಯಾರೆಂದು ಅವನಿಗೆ ಗೊತ್ತು, ಆದರೂ ನನ್ನನ್ನು ಒಂದು ಮಾತೂ ಕೇಳಿಲ್ಲ. ಕುನಿಜಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಗುಮಾಸ್ತರು ಇನ್ನೊಂದು ಕಾಗದ ಬರೆಸಿದ್ದಾರೆ. ಗುರುವಾರದ ದೋಣಿಯಲ್ಲಿ ನಿಮ್ಮ ಹತ್ತಿರವೇ ಬರುತ್ತಾರೆ, ಮುದ್ರೆ ಇಲ್ಲದಿದ್ದರೆ ಹೆಬ್ಬೆಟ್ಟು ಸಾಕು ಎನ್ನುತ್ತಾರೆ. ಆಸ್ಪತ್ರೆಯ ಹಾಸಿಗೆ ಬಿಡಿಸುವ ಮಾತೂ ತೆಗೆಯಬಹುದು. ತೆಗೆದರೆ ತೆಗೆಯಲಿ, ನಿಮ್ಮನ್ನು ಮನೆಗೆ ಕರೆತರಲು ಕೈಗಾಡಿ ತೆಗೆದುಕೊಂಡು ಕಟ್ಟೆಗೆ ನಾನು ಬರುತ್ತೇನೆ, ನಿಮ್ಮಿಬ್ಬರು ಮಕ್ಕಳೂ ಬರುತ್ತಾರೆ. ನಿಮ್ಮ ಪ್ರಾಣದ ಮೇಲೆ ಬರುವ ಮಾತನ್ನು ನಿಮ್ಮನ್ನು ಕೇಳದೆ ಆಡುತ್ತಿದ್ದೇನೆ, ಬೈದು ಬರೆಯಿರಿ. ಆದರೆ ಅವರು ಶಾಯಿಯ ಡಬ್ಬಿ ತೆರೆದಾಗ ಕೈಯನ್ನು ಹೊದಿಕೆಯ ಒಳಗೇ ಇಟ್ಟುಕೊಳ್ಳಿ.